ನ್ಯೂಟ್ರಿನೊ ಕಿರಣದ ಲೆಕ್ಕ ಎಲ್ಲಿ ತಪ್ಪುತ್ತದೆ, ಹಳೇ ಡಿಟೆಕ್ಟರ್ ಏಕೆ ಬೇಕು?

ಕಂಪ್ಯೂಟರ್‌ಗಳು ಇಷ್ಟು ಬೆಳೆದರೂ ನ್ಯೂಟ್ರಿನೊ (ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಸೂಕ್ಷ್ಮ ಕಣ) ಕಿರಣದ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನ ಅಣಕು ಲೆಕ್ಕ, ಏಕೆ ಕರಾರುವಾಕ್ಕಾಗಿಲ್ಲ, ಹಳೇ ಡಿಟೆಕ್ಟರ್ ಬಳಸುವುದು ಬರೀ ದುಡ್ಡು ಉಳಿಸಲಿಕ್ಕಾ ಎಂದು ಎರಡು ಪ್ರಶ್ನೆ ಕೇಳಿದ್ದೀರಿ. ಕೆಲವು ವರ್ಷ ಈ ಲೆಕ್ಕಗಳನ್ನೇ ಮಾಡಿದವನು ನಾನು. ನನಗೆ ಇವೆರಡೂ ಒಂದೇ ಪ್ರಶ್ನೆ: ಲೆಕ್ಕ ಕೈಕೊಡುವಲ್ಲಿ ಅಳೆಯಬೇಕು, ಆ ಅಳತೆಗೇ ಹಳೇ ಡಿಟೆಕ್ಟರ್ ನೆರವಾಗುತ್ತದೆ.

ಜಪಾನಿನ ಟಿ2ಕೆ ಎಂಬ ನ್ಯೂಟ್ರಿನೊ ಪ್ರಯೋಗವನ್ನೇ ನೋಡಿ. 30 ಜಿಇವಿ (ಕಣದ ಶಕ್ತಿಯ ಅಳತೆ) ಪ್ರೋಟಾನ್‌ಗಳು ಸುಮಾರು 90 ಸೆಂ.ಮೀ. ಉದ್ದದ ಗ್ರಾಫೈಟ್ ಸರಳಿಗೆ ಬಡಿಯುತ್ತವೆ. ಅಲ್ಲಿಂದ ಸಿಡಿದ ಪಯಾನ್, ಕೇಯಾನ್ ಎಂಬ ಅಲ್ಪಾಯುಷಿ ಕಣಗಳನ್ನು ಕಾಂತೀಯ ಹಾರ್ನ್‌ಗಳು ಮುಂದಕ್ಕೆ ಬಾಗಿಸುತ್ತವೆ. ಅವು ದಾರಿಯಲ್ಲೇ ಕ್ಷಯಿಸಿ ನ್ಯೂಟ್ರಿನೊ ಕೊಡುತ್ತವೆ. ಹಾರ್ನ್, ಕ್ಷಯ ಎಲ್ಲ ಲೆಕ್ಕಕ್ಕೆ ಸಿಗುತ್ತವೆ. ಸಿಗದಿರುವುದು ಪ್ರೋಟಾನ್ ಕಾರ್ಬನ್ ನ್ಯೂಕ್ಲಿಯಸ್‌ಗೆ ಬಡಿದ ಆ ಕ್ಷಣ. ಅದನ್ನು ಮೂಲ ನಿಯಮಗಳಿಂದ ಬಿಡಿಸಲಾಗದೆ ಮಾದರಿಗಳನ್ನು ನಂಬಬೇಕು. ಒಮ್ಮೆ ಜಿಯಾಂಟ್4 ಎಂಬ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಮಾದರಿಯೊಂದನ್ನು ಮಾತ್ರ ಬದಲಿಸಿ ಅದೇ ಕಿರಣವನ್ನು ಓಡಿಸಿದೆ. ಯಾವ ಶಕ್ತಿಯ ನ್ಯೂಟ್ರಿನೊ ಎಷ್ಟು ಎಂದು ತೋರಿಸುವ ಗ್ರಾಫಿನ ಶಿಖರ ಹೆಚ್ಚುಕಡಿಮೆ ಅಲ್ಲೇ ನಿಂತಿತು; ಕೇಯಾನ್‌ಗಳಿಂದ ಬರುವ ಹೆಚ್ಚು ಶಕ್ತಿಯ ಬಾಲ ಮಾತ್ರ ಕವಲೊಡೆಯಿತು. ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪಿರಲಿಲ್ಲ, ಎರಡು ಮಾದರಿಗಳ ಕೇಯಾನ್ ಎಣಿಕೆಯೇ ಬೇರೆ.

ಹಾಗಾಗಿ ಅಳೆಯಲೇಬೇಕು. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎನ್‌ಎ61/ಶೈನ್ ಪ್ರಯೋಗದವರು ಮೊದಲು ತೆಳುವಾದ ಕಾರ್ಬನ್ ತುಂಡಿಗೆ, ಆಮೇಲೆ ಟಿ2ಕೆ ಸರಳಿನ ಪ್ರತಿಕೃತಿಗೇ ಪ್ರೋಟಾನ್ ಹೊಡೆದು ಹೊರಬಂದದ್ದನ್ನು ಎಣಿಸಿದರು. ಪ್ರತಿಕೃತಿಯಿಂದ ದೊಡ್ಡ ಲಾಭವಾಯಿತು: ಸರಳಿನೊಳಗೆ ನಡೆಯುವ ಎರಡನೇ, ಮೂರನೇ ಡಿಕ್ಕಿಗಳೂ ಅಳತೆಯೊಳಗೇ ಬಂದವು. ಸಿಮ್ಯುಲೇಶನ್ನಿನ ಪ್ರತಿ ಪಯಾನ್‌ಗೂ ಅಳತೆಗೆ ತಕ್ಕ ತೂಕ ಕೊಟ್ಟಾಗ, ನ್ಯೂಟ್ರಿನೊ ಕಿರಣದ ಲೆಕ್ಕದಲ್ಲಿ ಸುಮಾರು 10% ಇದ್ದ ಅನಿಶ್ಚಿತತೆ 5%ರ ಹತ್ತಿರಕ್ಕೆ ಇಳಿಯಿತು.

ಹಾಗೆ ಎಣಿಸಿದ ದೊಡ್ಡ ಅನಿಲ ಕೋಣೆಗಳು, ಅಂದರೆ ಟಿಪಿಸಿಗಳು, 1990ರ ದಶಕದಲ್ಲಿ ಸೀಸದ ನ್ಯೂಕ್ಲಿಯಸ್‌ಗಳ ಡಿಕ್ಕಿ ನೋಡಲು ಸರ್ನ್‌ನ ಹಿಂದಿನ ಪ್ರಯೋಗ ಎನ್‌ಎ49ರವರು ಕಟ್ಟಿದ್ದಂಥವು! ಕಿರಣ ಹುಟ್ಟುವ ಜಾಗದ ಹತ್ತಿರ ಇರುವ ಟಿ2ಕೆಯ ಡಿಟೆಕ್ಟರಿನ ಅಯಸ್ಕಾಂತವೂ ಹಳೆಯದೇ. 1983ರಲ್ಲಿ ಡಬ್ಲ್ಯೂ, ಝಡ್ ಕಣಗಳನ್ನು ಕಂಡ ಸರ್ನ್‌ನ ಯುಎ1 ಪ್ರಯೋಗದಲ್ಲಿತ್ತು, ಬಳಿಕ ಅಲ್ಲಿನದೇ ನ್ಯೂಟ್ರಿನೊ ಪ್ರಯೋಗ ನೋಮ್ಯಾಡ್‌ಗೆ ಹೋಯಿತು, 2008ರಲ್ಲಿ ಜಪಾನ್ ಸೇರಿತು.

ಎಲ್ಲವೂ ಹೀಗೆ ಬಾಳುವುದಿಲ್ಲ. ಕಬ್ಬಿಣ, ಸುರುಳಿ ಗಟ್ಟಿ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್ ವರ್ಷ ಕಳೆದಂತೆ ಮಂಕಾಗುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ಬಿಡಿಭಾಗವೇ ಸಿಗುವುದಿಲ್ಲ. ಎನ್‌ಎ61ರವರು ಟಿಪಿಸಿ ಉಳಿಸಿಕೊಂಡು ಎಲೆಕ್ಟ್ರಾನಿಕ್ಸ್ ಬದಲಿಸಿದರು, ಅದೂ ಸರ್ನ್‌ನ ಇನ್ನೊಂದು ಪ್ರಯೋಗ ಆಲಿಸ್ ತೆಗೆದಿಟ್ಟ ಎಲೆಕ್ಟ್ರಾನಿಕ್ ಕಾರ್ಡ್‌ಗಳಿಂದ.

ನಿಮ್ಮ ಗುಂಪಿಗೆ ಹಳೇ ಡಿಟೆಕ್ಟರ್ ಸಿಗುವಂತಿದ್ದರೆ ಯಂತ್ರಕ್ಕಿಂತ ಮೊದಲು ಅದರ ನಕ್ಷೆ, ಕ್ಯಾಲಿಬ್ರೇಶನ್ ದಾಖಲೆ ಕೇಳಿ ಪಡೆಯಿರಿ. ಪ್ರತಿ ಪದರದ ದಪ್ಪ, ಜಾಗ ಗೊತ್ತಿಲ್ಲದೆ ಅದನ್ನು ಸಿಮ್ಯುಲೇಶನ್ನಿನೊಳಗೆ ಕಟ್ಟಲಾಗದು.