ಸೀಳಬಾರದು, ಸವೆಯಲೂಬಾರದು: ಅಂಥ ರಬ್ಬರ್ ಇದೆಯಾ?

ಸೇಡಂ ಹತ್ತಿರ ಕ್ರಷರ್ ನಡೆಸುವ ನೀವು ಕೇಳಿದ್ದು ಇಷ್ಟು: ಕಲ್ಲು ಸಾಗಿಸಲು ಗಟ್ಟಿ ರಬ್ಬರಿನ ಬೆಲ್ಟ್ ಹಾಕಿದರೆ ಸೀಳುತ್ತದೆ, ಮೆತ್ತನೆಯದು ಹಾಕಿದರೆ ಕಲ್ಲು ಉಜ್ಜಿ ಸವೆಯುತ್ತದೆ, ಎರಡನ್ನೂ ತಾಳುವ ರಬ್ಬರ್ ಇಲ್ವಾ? ನಾನು ಕಲಬುರಗಿಯಲ್ಲಿ ಪಾಲಿಮರ್ ಪಾಠ ಹೇಳುವವನು. ಬೆಲ್ಟಿನ ದರ ಗೊತ್ತಿಲ್ಲ, ರಬ್ಬರಿನ ಒಳಗೆ ಏನಾಗುತ್ತದೆ ಅಂತ ಹೇಳಬಲ್ಲೆ.

ರಬ್ಬರ್ ಅಂದರೆ ಉದ್ದುದ್ದ ಅಣು ಸರಪಳಿಗಳು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವುದನ್ನು ಕಂಡುಕೊಂಡ. ಗಂಧಕ ಈ ಸರಪಳಿಗಳ ನಡುವೆ ಕೊಂಡಿ ಹಾಕುತ್ತದೆ. ಕೊಂಡಿ ಜಾಸ್ತಿ ಆದಷ್ಟೂ ರಬ್ಬರ್ ಗಟ್ಟಿ. ಆದರೆ ಕೊಂಡಿಯಿಂದ ಕೊಂಡಿಗೆ ಇರುವ ತುಂಡು ಗಿಡ್ಡವಾಗುತ್ತದೆ. ತೊಂದರೆ ಇರುವುದೇ ಇಲ್ಲಿ. ತುಂಡು ಕಿತ್ತುಹೋಗುವ ಮೊದಲು ಅದರಲ್ಲಿ ಪರಮಾಣುಗಳನ್ನು ಜೋಡಿಸಿದ ಎಲ್ಲ ಬಂಧಗಳೂ ಬಿಗಿದು ನಿಂತಿರುತ್ತವೆ. ತುಂಡು ಉದ್ದ ಇದ್ದರೆ ಹರಿಯಲು ಜಾಸ್ತಿ ಶಕ್ತಿ ಬೇಕು, ಗಿಡ್ಡ ಇದ್ದರೆ ಸ್ವಲ್ಪ ಸಾಕು. ಲೇಕ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು 1967ರಲ್ಲೇ ಈ ಲೆಕ್ಕ ತೋರಿಸಿದ್ದಾರೆ. ಹಾಗಾಗಿ ಬೆಲ್ಟ್ ಮಾರಿದವನನ್ನು ಸುಮ್ನೆ ಬೈಯಬೇಡಿ.

2003ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ತಂಡ ಇದಕ್ಕೊಂದು ದಾರಿ ತೋರಿಸಿತು: ಸರಪಳಿಗಳ ಎರಡು ಬಲೆ, ಒಂದು ಬಿಗಿ, ಒಂದು ಸಡಿಲ, ಹೆಣೆದ ಜೆಲ್ (ನೀರು ಹೀರಿದ ಮೆತ್ತನೆಯ ವಸ್ತು) ಮಾಡಿತು. ಎಳೆದಾಗ ಬಿಗಿ ಬಲೆ ಅಲ್ಲಲ್ಲಿ ಹರಿದು ಏಟನ್ನು ನುಂಗುತ್ತದೆ, ಸಡಿಲ ಬಲೆ ಹಿಡಿದುಕೊಳ್ಳುತ್ತದೆ. ನೂರಕ್ಕೆ ಸುಮಾರು 90 ಪಾಲು ನೀರೇ ಇದ್ದರೂ ಸುಲಭಕ್ಕೆ ಒಡೆಯಲ್ಲ! ಆದರೆ ಹರಿದ ಬಲೆ ಮತ್ತೆ ಕೂಡುವುದಿಲ್ಲ. ದಿನವಿಡೀ ಸುತ್ತುವ ಬೆಲ್ಟಿಗೆ ಇದು ಹೊಂದಲ್ಲ.

ನನಗೆ ಇಷ್ಟವಾದದ್ದು 2021ರ ಕೆಲಸ, ಹಾರ್ವರ್ಡ್‌ನ ಜಿಗಾಂಗ್ ಸುವೊ ತಂಡದ್ದು. ಅವರು ಕೊಂಡಿಗಳನ್ನು ತೀರಾ ಕಡಿಮೆ ಮಾಡಿ, ಸರಪಳಿಗಳು ಒಂದಕ್ಕೊಂದು ಸಿಕ್ಕುಬೀಳುವಂತೆ ಮಾಡಿದರು. ಸಿಕ್ಕಾದ ಹತ್ತಿ ನೂಲನ್ನು ಎಳೆದು ನೋಡಿ, ಒಂದು ಎಳೆ ಎಳೆದರೆ ಸುತ್ತಲಿನ ಹತ್ತು ಎಳೆಗಳೂ ಭಾರ ಹೊರುತ್ತವೆ. ಇಲ್ಲೂ ಹಾಗೇ. ಸಿಕ್ಕಿನಿಂದ ಗಟ್ಟಿತನ ಬಂತು, ಕೊಂಡಿ ಕಡಿಮೆ ಇದ್ದುದರಿಂದ ತುಂಡು ಉದ್ದವಾಗಿ ಉಳಿಯಿತು. ಪದೇ ಪದೇ ಎಳೆದರೂ ಬಿರುಕು ಸುಲಭಕ್ಕೆ ಬೆಳೆಯಲಿಲ್ಲ, ಉಜ್ಜಿದರೂ ಸವೆತ ಕಡಿಮೆ. ಆದರೆ ಅದೂ ನೀರು ಹೀರಿದ ಜೆಲ್, ಸುಣ್ಣದಕಲ್ಲು ಹೊರುವ ಬೆಲ್ಟಲ್ಲ.

ಸದ್ಯಕ್ಕೆ ನೀವು ಬೆಲ್ಟ್ ಕೊಳ್ಳುವಾಗ ಗಟ್ಟಿತನದ ಅಂಕಿ ಒಂದನ್ನೇ ನೋಡಬೇಡಿ. ಸವೆತದ ಅಂಕಿ ಕೇಳಿ. ಅದು ಘನ ಮಿಲಿಮೀಟರ್‌ನಲ್ಲಿರುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಸೀಳುವ ಬಲದ ಅಂಕಿಯನ್ನು ಬೇರೆಯಾಗಿ ಕೇಳಿ. ಮತ್ತೆ, ಬೆಲ್ಟಿನ ಮೇಲೆ ಕಲ್ಲು ಸುರಿಯುವ ಇಳಿಜಾರು ದಾರಿಯಿಂದ, ಅಂದರೆ ಚೂಟ್‌ನಿಂದ, ಕಲ್ಲು ಎಷ್ಟು ಎತ್ತರದಿಂದ ಬೀಳುತ್ತಿದೆ ನೋಡಿ. ಚೂಪು ಕಲ್ಲು ಎತ್ತರದಿಂದ ಬಿದ್ದರೆ ಎಂಥ ರಬ್ಬರಾದರೂ ಕೊಯ್ಯುತ್ತದೆ. ಆ ಎತ್ತರವನ್ನು ತಗ್ಗಿಸುವುದು ಹೊಸ ಬೆಲ್ಟಿಗಿಂತ ಅಗ್ಗವಾಗಬಹುದು.