ಬೊಂಬೆಯ ಬಣ್ಣವೂ ಬೊಂಬೆಯ ಅಚ್ಚೂ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು, ಮಕ್ಕಳ ಬೊಂಬೆ ಮತ್ತು ಆನಿಮೇಷನ್ ಚಿತ್ರಗಳಲ್ಲಿನ ಮೈಬಣ್ಣವನ್ನು, ಕುರಿತಿದ್ದುದರಿಂದ ಅವನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಐದು ವರ್ಷದ ಮಗಳ ಬಳಿ ಎರಡು ಬೊಂಬೆಗಳಿವೆ, ಒಂದು ಬಿಳಿ, ಇನ್ನೊಂದು ಕಂದು. ಅವಳ ಆಟದಲ್ಲಿ ಬಿಳಿ ಬೊಂಬೆ ಯಾವಾಗಲೂ ರಾಜಕುಮಾರಿ, ಕಂದು ಬೊಂಬೆ ಅದರ ಚಪ್ಪಲಿ ಒರೆಸಿಕೊಡುವ ಕೆಲಸದವಳು. ಮನೆಯಲ್ಲಿ ನಾವು ಯಾರ ಬಣ್ಣದ ಮಾತನ್ನೂ ಎತ್ತಿದವರಲ್ಲ. ಇದು ಅವಳಿಗೆ ಎಲ್ಲಿಂದ ಬಂತು?

ಉತ್ತರ: ನಾವು ಮಾತು ಎತ್ತದಿದ್ದರೂ ಮಗು ನೋಡುವುದನ್ನು ಬಿಡುವುದಿಲ್ಲ. ಹುಟ್ಟಿದ ಹೊಸದರಲ್ಲಿ ಕೂಸಿಗೆ ಎಲ್ಲ ಜನಾಂಗದ ಮುಖಗಳೂ ಒಂದೇ. ಮೂರು ತಿಂಗಳಾಗುವಷ್ಟರಲ್ಲಿ ಅದು ತಾನು ದಿನವೂ ಕಾಣುವ ಬಗೆಯ ಮುಖಗಳ ಮೇಲೆಯೇ ಹೆಚ್ಚು ಹೊತ್ತು ದೃಷ್ಟಿ ನಿಲ್ಲಿಸುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅದು ಬರಿಯ ರೂಢಿಯೇ ಹೊರತು ತಾತ್ಸಾರವಲ್ಲ. ಯಾವ ಬಣ್ಣದವರು ಸಿಂಹಾಸನದ ಮೇಲೆ ಕೂರುತ್ತಾರೆ, ಯಾವ ಬಣ್ಣದವರು ಕೆಳಗೆ ನಿಲ್ಲುತ್ತಾರೆ ಎಂಬುದನ್ನು ಮಗು ಆಮೇಲೆ, ಕಂಡದ್ದನ್ನೆಲ್ಲ ಕೂಡಿಸಿಕೊಂಡು, ತಾನೇ ಲೆಕ್ಕ ಹಾಕುತ್ತದೆ.

ಈ ಲೆಕ್ಕವನ್ನು ಮೊದಲು ಬಯಲಿಗೆ ತಂದವರಲ್ಲಿ ಅಮೆರಿಕದ ಮನೋವಿಜ್ಞಾನಿ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಮುಖ್ಯರು. 1947ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 3ರಿಂದ 7 ವರ್ಷದೊಳಗಿನ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಬೊಂಬೆಗಳನ್ನು ಇಡಲಾಯಿತು. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಇನ್ನೆರಡಕ್ಕೆ ಬಿಳಿ ಮೈ, ಹಳದಿ ಕೂದಲು. ಉಳಿದಂತೆ ಎಲ್ಲವೂ ಒಂದೇ ತೆರನಾದವು. ಯಾವುದರ ಜೊತೆ ಆಡುತ್ತೀ, ಯಾವುದು ಚೆನ್ನಾಗಿದೆ, ಯಾವುದು ಕೆಟ್ಟದಾಗಿ ಕಾಣುತ್ತದೆ ಎಂದು ಕೇಳುತ್ತಾ ಹೋಗಿ, ಕೊನೆಗೆ 'ನಿನ್ನಂತೆ ಇರುವ ಬೊಂಬೆ ಯಾವುದು, ಕೊಡು' ಎಂದರು. ಆಡುವುದಕ್ಕೆ ಬಿಳಿ ಬೊಂಬೆಯನ್ನು ಆರಿಸಿದವರು ಮೂರರಲ್ಲಿ ಎರಡು ಪಾಲು. ಕಂದು ಬೊಂಬೆಯನ್ನು ಕೆಟ್ಟದ್ದೆಂದು ಈಗಷ್ಟೇ ತೋರಿಸಿದ್ದ ಕೆಲವು ಮಕ್ಕಳು ಆ ಕೊನೆಯ ಪ್ರಶ್ನೆ ಬಂದಾಗ ಅಳುತ್ತಾ ಕೋಣೆಯಿಂದ ಓಡಿಹೋದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ತೀರ್ಪು ಕೊಟ್ಟ ಅಲ್ಲಿನ ಸುಪ್ರೀಂ ಕೋರ್ಟು ತನ್ನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಅಧ್ಯಯನದ ಇನ್ನೊಂದು ಅಂಕಿಯಲ್ಲಿ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿದ್ದ ದಕ್ಷಿಣದಲ್ಲಿ ಶೇ. 62 ಮಕ್ಕಳು ಬಿಳಿ ಬೊಂಬೆಯನ್ನು ಬಯಸಿದರೆ, ಎಲ್ಲರೂ ಒಂದೇ ಶಾಲೆಯಲ್ಲಿ ಕಲಿಯುತ್ತಿದ್ದ ಉತ್ತರದಲ್ಲಿ ಆ ಪ್ರಮಾಣ ಶೇ. 72ರಷ್ಟಿತ್ತು. ಅಂದರೆ ಶಾಲೆಯೊಂದೇ ಇದನ್ನು ಕಲಿಸುತ್ತಿರಲಿಲ್ಲ. ಚಿತ್ರ, ಕಥೆ, ಜಾಹೀರಾತು, ಆಟಿಕೆ ಎಲ್ಲವೂ ಸೇರಿ ಪಾಠ ಹೇಳುತ್ತಿದ್ದವು ಎಂದು ನಾನು ಓದಿಕೊಳ್ಳುತ್ತೇನೆ. ನಿಮ್ಮ ಮಗಳೂ ಅದೇ ಪಾಠವನ್ನು ಒಪ್ಪಿಸುತ್ತಿದ್ದಾಳೆ. ಅವಳನ್ನು ಗದರಬೇಡಿ. ಆಟದೊಳಗೆ ನೀವೂ ಸೇರಿಕೊಂಡು, 'ಇವತ್ತು ಇವಳಿಗೆ ಕಿರೀಟ, ನಾಳೆ ಅವಳಿಗೆ' ಎಂದರೆ ಆಗುವ ಕೆಲಸ ಉಪದೇಶದಿಂದ ಆಗುವುದಿಲ್ಲ.

ಪ್ರಶ್ನೆ: ಈಗ ಎಲ್ಲ ಬಣ್ಣದ ಬೊಂಬೆಗಳೂ ಬಂದಿವೆಯಲ್ಲ, ಇನ್ನೂ ಏನು ದೂರು? ಅದೂ ಅಲ್ಲದೆ ಇದೆಲ್ಲ ಕಂಪನಿಗಳ ವ್ಯಾಪಾರದ ತಂತ್ರವಲ್ಲವೇ?

ಉತ್ತರ: ವ್ಯಾಪಾರವೇ, ಅನುಮಾನವಿಲ್ಲ. ಬಿಳಿ ಬೊಂಬೆಯನ್ನು ಮಾರಿದ್ದೂ ವ್ಯಾಪಾರಕ್ಕೇ ಆದ್ದರಿಂದ ಆ ವಾದ ನನ್ನನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ನೋಡಬೇಕಾದದ್ದು ಅಚ್ಚನ್ನು. 1967ರಲ್ಲಿ ಮ್ಯಾಟೆಲ್ ಕಂಪನಿ ಬಾರ್ಬಿಯ ಬಳಗದ ಫ್ರಾನ್ಸಿ ಎಂಬ ಬೊಂಬೆಯನ್ನು ಕಪ್ಪು ಬಣ್ಣದಲ್ಲಿ ತಂದಿತು. ಆದರೆ ಬಿಳಿ ಫ್ರಾನ್ಸಿಯನ್ನು ಎರಕ ಹೊಯ್ದ ಅಚ್ಚಿಗೇ ಬೇರೆ ಬಣ್ಣದ ಪ್ಲಾಸ್ಟಿಕ್ ಸುರಿದಿತ್ತು ಅಷ್ಟೆ. ಮೂಗು, ತುಟಿ, ಕೆನ್ನೆ ಯಾವುದೂ ಬದಲಾಗಿರಲಿಲ್ಲ. ಮರುವರ್ಷ ಕ್ರಿಸ್ಟಿ ಬಂದಳು, ಆದರೆ ಬಾರ್ಬಿಯ ಗೆಳತಿಯಾಗಿ. 1959ರಲ್ಲಿ ಹುಟ್ಟಿದ 'ಬಾರ್ಬಿ' ಎಂಬ ಹೆಸರೇ ಒಂದು ಕಪ್ಪು ಬೊಂಬೆಗೆ ದಕ್ಕಲು 1980ರವರೆಗೆ ಕಾಯಬೇಕಾಯಿತು. ಗಿಡ್ಡನೆಯ ಗುಂಗುರು ಕೂದಲಿನ, ಕೆಂಪು ಉಡುಪಿನ ಆ ಬೊಂಬೆಯನ್ನು ರೂಪಿಸಿದವರು ಸ್ವತಃ ಕಪ್ಪು ಮಹಿಳೆಯಾದ ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್.

ಇದಕ್ಕೂ ಮುಂಚೆ, 1968ರಲ್ಲಿ, ಮೂರು ವರ್ಷಗಳ ಹಿಂದೆ ದಂಗೆಯಲ್ಲಿ ಬೆಂದಿದ್ದ ಲಾಸ್ ಏಂಜಲಿಸ್‌ನ ವಾಟ್ಸ್ ಪ್ರದೇಶದ ಜನರ ನಡುವೆ ಶಿಂಡಾನಾ ಎಂಬ ಆಟಿಕೆ ಕಂಪನಿ ಹುಟ್ಟಿತ್ತು. ಅದರ ಮೊದಲ ಬೊಂಬೆ ಬೇಬಿ ನ್ಯಾನ್ಸಿಯ ಮುಖ ಯಾವ ಬಿಳಿ ಕೂಸಿನಿಂದಲೂ ಎರವಲು ತಂದದ್ದಾಗಿರಲಿಲ್ಲ. ಕಂಪನಿ 1983ರಲ್ಲಿ ಮುಚ್ಚಿಹೋಯಿತು. ಅದಕ್ಕೆ ಆರಂಭದಲ್ಲಿ ಹಣದ ನೆರವು ಕೊಟ್ಟದ್ದು ಮ್ಯಾಟೆಲ್ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ವ್ಯಾಪಾರವೆಂದು ಮೂಗು ಮುರಿಯುವವರು ಇದನ್ನು ಯಾವ ಕಡೆಗೆ ಬರೆದುಕೊಳ್ಳುತ್ತಾರೋ ತಿಳಿಯದು. ಪಕ್ಕದಲ್ಲೇ ಇನ್ನೊಂದು ಮಾತು: ಕ್ರಯೋಲಾ ಬಣ್ಣದ ಕಡ್ಡಿಗಳಲ್ಲಿ ಒಂದಕ್ಕೆ 1962ರವರೆಗೆ 'ಮೈಬಣ್ಣ' ಎಂಬ ಅರ್ಥದ ಹೆಸರಿತ್ತು. ಆ ಬಣ್ಣ ತೆಳು ಗುಲಾಬಿ ಛಾಯೆಯದು. ಈಗ ಅದರ ಹೆಸರು ಪೀಚ್.

ಪ್ರಶ್ನೆ: ಆನಿಮೇಷನ್ ಚಿತ್ರಗಳಲ್ಲಿ ಮೀನು, ಸಿಂಹ, ಕಾರು ಎಲ್ಲವೂ ಮಾತನಾಡುತ್ತವೆ. ಅಲ್ಲಿ ಜನಾಂಗದ ಪ್ರಶ್ನೆ ಎಲ್ಲಿ ಬರುತ್ತದೆ?

ಉತ್ತರ: ದನಿಯಲ್ಲಿ ಬರುತ್ತದೆ. ಡಿಸ್ನಿ ಸಂಸ್ಥೆಯ 1941ರ 'ಡಂಬೋ' ಚಿತ್ರದ ಕಾಗೆಗಳ ಹಿಂಡು ಕಪ್ಪು ಜನರ ಮಾತಿನ ಧಾಟಿಯಲ್ಲಿ ಹರಟುತ್ತದೆ. ಅದರ ನಾಯಕನಿಗೆ ದನಿ ಕೊಟ್ಟವರು ಬಿಳಿಯ ನಟರು. ಭಾಷಾವಿಜ್ಞಾನಿ ರೊಸೀನಾ ಲಿಪ್ಪಿ-ಗ್ರೀನ್ 1997ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಡಿಸ್ನಿ ಚಿತ್ರಗಳ ಪಾತ್ರಗಳು ಇಂಗ್ಲಿಷನ್ನು ಉಚ್ಚರಿಸುವ ರೀತಿಯನ್ನು ಒಂದೊಂದಾಗಿ ಪರಿಶೀಲಿಸಿ, ಪರದೇಶಿ ಉಚ್ಚಾರ ಕೆಟ್ಟ ಪಾತ್ರಗಳ ಪಾಲಿಗೇ ಹೆಚ್ಚಾಗಿ ಬರುತ್ತದೆಂದು ತೋರಿಸಿದರು. ಸಿಂಹಕ್ಕೆ ಜಾತಿಯಿಲ್ಲದಿರಬಹುದು, ಅದರ ನಾಲಗೆಗೆ ಊರು ಇದ್ದೇ ಇರುತ್ತದೆ.

ಮೈಯಲ್ಲೂ ಬರುತ್ತದೆ. ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಟಿಯಾನಾ 2009ರ 'ದಿ ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್' ಚಿತ್ರದ ಬಹುಭಾಗವನ್ನು ಕಪ್ಪೆಯಾಗಿ ಕಳೆಯುತ್ತಾಳೆ. ಕಂಪ್ಯೂಟರ್ ಆನಿಮೇಷನ್ ಸಂಸ್ಥೆ ಪಿಕ್ಸಾರ್‌ನ ಮೊದಲ ಕಪ್ಪು ನಾಯಕ, 2020ರ 'ಸೋಲ್' ಚಿತ್ರದ ಸಂಗೀತಗಾರ ಜೋ, ಕಥೆ ಶುರುವಾದ ಸ್ವಲ್ಪದರಲ್ಲೇ ನೀಲಿ ಛಾಯೆಯ ಆತ್ಮವಾಗಿಬಿಡುತ್ತಾನೆ. ಎರಡೂ ಚಿತ್ರಗಳು ನನಗೆ ಇಷ್ಟವೇ. ಆದರೂ ಇಷ್ಟು ಕಾದು ಬಂದ ಮುಖವನ್ನು ಕಣ್ತುಂಬ ನೋಡುವ ಮೊದಲೇ ಮರೆಮಾಡುವುದು ಪದೇಪದೇ ನಡೆದಾಗ ಅದನ್ನು ಕಾಕತಾಳೀಯ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಕಣ್ಣಿಗೆ ಕಾಣದ ಅಚ್ಚೊಂದಿದೆ. ಪಿಕ್ಸಾರ್‌ನಲ್ಲಿ ಸಂಶೋಧಕರಾಗಿದ್ದು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ಥಿಯೊಡೋರ್ ಕಿಮ್ 2020ರಲ್ಲಿ ಇದನ್ನು ವಿವರವಾಗಿ ಬರೆದರು. ಕಂಪ್ಯೂಟರಿನಲ್ಲಿ ಚರ್ಮವನ್ನು ಮೂಡಿಸುವ ಪ್ರಸಿದ್ಧ ವಿಧಾನಗಳು ಬೆಳಕು ಚರ್ಮದೊಳಗೆ ಇಳಿದು ಹರಡಿ ಹೊರಬರುವ ಬಗೆಯನ್ನು ಲೆಕ್ಕ ಹಾಕುತ್ತವೆ; ಆ ಮೃದು ಕಾಂತಿ ಎದ್ದು ಕಾಣುವುದು ತೆಳುಬಣ್ಣದ ಚರ್ಮದಲ್ಲಿ. ದಟ್ಟ ಬಣ್ಣದ ಚರ್ಮದ ಸೊಗಸು ಮುಖ್ಯವಾಗಿ ಮೇಲ್ಮೈಯ ಹೊಳಪಿನಲ್ಲಿದ್ದು, ಅದರತ್ತ ಅಷ್ಟು ಗಮನ ಹರಿಯಲೇ ಇಲ್ಲ. ಕೂದಲಿನದೂ ಇದೇ ಕಥೆ: ನೇರ ಕೂದಲಿಗೆಂದು ಬರೆದ ಲೆಕ್ಕ ಸುರುಳಿಗೂದಲಿಗೆ ಒಗ್ಗುವುದಿಲ್ಲ. ಬೊಂಬೆಯ ಅಚ್ಚಾದರೆ ಕಾರ್ಖಾನೆಯಲ್ಲಿರುತ್ತದೆ, ಇದು ಸಾಫ್ಟ್‌ವೇರಿನೊಳಗೆ ಅಡಗಿ ಕುಳಿತಿರುವುದರಿಂದ ಯಾರೂ ಬೊಟ್ಟು ಮಾಡಿ ತೋರಿಸಲಾರರು.

ಪ್ರಶ್ನೆ: ಹಾಗಾದರೆ ಹಳೆಯ ಚಿತ್ರಗಳನ್ನು ಮಕ್ಕಳಿಗೆ ತೋರಿಸಲೇಬಾರದೇ?

ಉತ್ತರ: ತೋರಿಸಬಹುದು, ಆದರೆ ತೀರ ಚಿಕ್ಕವರಿಗೆ ಬೇಡ. ಡಿಸ್ನಿಯವರೇ 2020ರಲ್ಲಿ ಚಿತ್ರಗಳನ್ನು ಅಂತರ್ಜಾಲದಲ್ಲಿ ತೋರಿಸುವ ತಮ್ಮ ಡಿಸ್ನಿ+ ಸೇವೆಯಲ್ಲಿ ಇಂಥ ಹಲವು ಚಿತ್ರಗಳ ಮೊದಲಿಗೆ ಎಚ್ಚರಿಕೆಯ ಬರಹವನ್ನು ಸೇರಿಸಿ, ಮರುವರ್ಷ 'ಡಂಬೋ' ಸೇರಿದಂತೆ ಕೆಲವನ್ನು ಏಳು ವರ್ಷದೊಳಗಿನವರ ಪಟ್ಟಿಯಿಂದ ತೆಗೆದರು. ಕತ್ತರಿಸುವುದಕ್ಕಿಂತ ಇದು ಮೇಲು. 1940ರ 'ಫ್ಯಾಂಟೇಸಿಯಾ' ಚಿತ್ರದಲ್ಲಿ ಅರ್ಧ ಕುದುರೆ, ಅರ್ಧ ಹೆಣ್ಣಾದ ಬೆಡಗಿಯರ ನಡುವೆ ಸನ್‌ಫ್ಲವರ್ ಎಂಬ ಪುಟ್ಟ ಕಪ್ಪು ಹುಡುಗಿಯೊಬ್ಬಳಿದ್ದಳು. ಅವಳನ್ನು 1960ರ ದಶಕದಲ್ಲಿ ಕತ್ತರಿಸಿದರು, ಆಮೇಲಿನ ಒಂದು ಆವೃತ್ತಿಯಲ್ಲಿ ದೃಶ್ಯವನ್ನು ಹಿಗ್ಗಿಸಿ ಅವಳು ಅಂಚಿನಾಚೆ ಬೀಳುವಂತೆ ಮಾಡಿದರು. ಈಗ ಚಿತ್ರ ನೋಡುವ ಮಗುವಿಗೆ ಅಲ್ಲಿ ಒಬ್ಬಳು ಇದ್ದಳೆಂಬುದೇ ತಿಳಿಯದು. ಮೊದಲ ಪತ್ರ ಬರೆದ ತಾಯಿ ಗಮನಿಸಬೇಕು, ಆ ಹುಡುಗಿ ಚಿತ್ರದಲ್ಲಿ ಮಾಡುತ್ತಿದ್ದ ಕೆಲಸ, ಬೆಳ್ಳನೆಯ ಬೆಡಗಿಯೊಬ್ಬಳ ಗೊರಸನ್ನು ಉಜ್ಜಿ ಹೊಳೆಯಿಸುವುದು.