ಓದುಗರ ಪ್ರಶ್ನೆ: ಹಸುಗೂಸಿನ ತಲೆಯ ಬಾವು, ಎತ್ತದ ಕೈ

ಪ್ರಶ್ನೆ: ಮಗಳಿಗೆ ವ್ಯಾಕ್ಯೂಮ್ (ಮಗುವಿನ ತಲೆಗೆ ಅಂಟಿಸಿ ಎಳೆಯುವ ಹೀರುಬಟ್ಟಲು) ಹಾಕಿ ಹೆರಿಗೆ ಮಾಡಿಸಿದರು. ಮಾರನೆಯ ದಿನ ಮಗುವಿನ ತಲೆಯ ಬಲಗಡೆ ಬಾವು ಕಾಣಿಸಿತು. ಹತ್ತು ದಿನವಾದರೂ ಇಳಿದಿಲ್ಲ. ಸೂಜಿ ಹಾಕಿ ತೆಗೆಸಬೇಕೆ? ಬಿಗಿಯಾಗಿ ಬಟ್ಟೆ ಕಟ್ಟಬಹುದೆ?
– ಓದುಗರು, ತುಮಕೂರು

ಉತ್ತರ: ಎರಡೂ ಬೇಡ. ನೀವು ಬರೆದಿರುವುದನ್ನು ನೋಡಿದರೆ ಇದು ಕೆಫಾಲ್‌ಹೆಮಟೋಮಾ ಇರಬೇಕು. ಮಕ್ಕಳ ವೈದ್ಯರು ಒಮ್ಮೆ ಮುಟ್ಟಿ ನೋಡಲಿ. ಬುರುಡೆಯ ಎಲುಬಿಗೂ ಅದನ್ನು ಹೊದ್ದ ತೆಳು ಪೊರೆಗೂ ನಡುವೆ ರಕ್ತ ನಿಂತಿರುತ್ತದೆ. ಪೊರೆ ಎಲುಬಿನ ಅಂಚಿಗೆ ಅಂಟಿಕೊಂಡಿರುವುದರಿಂದ ಬಾವು ಆ ಗೆರೆ ದಾಟುವುದಿಲ್ಲ. ಹುಟ್ಟಿದಾಗಲೇ ಕಾಣುವ, ಒತ್ತಿದರೆ ಗುಳಿ ಬೀಳುವ ನೀರುಬಾವು ಬೇರೆ. ಅದು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದು ಕರಗಲು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಹಿಡಿಯಬಹುದು. ನಡುವೆ ಅಂಚು ಗಟ್ಟಿಯಾಗಿ, ಮಧ್ಯ ತಗ್ಗಾಗಿ ಕೈಗೆ ಸಿಕ್ಕಾಗ ಬುರುಡೆ ಒಡೆದಿದೆಯೇನೋ ಎಂದು ಮನೆಯವರು ಗಾಬರಿಯಾಗುವುದುಂಟು. ಸೂಜಿ ಚುಚ್ಚಿದರೆ ಸೋಂಕು ಒಳಸೇರಿ ಕೀವಾಗಬಹುದು.

ನೀವು ಗಮನಿಸಬೇಕಾದದ್ದು ಕಾಮಾಲೆಯನ್ನು. ನಿಂತ ರಕ್ತ ಒಡೆದಂತೆ ಕಾಮಾಲೆ ತರುವ ಹಳದಿ ವಸ್ತು ಬಿಲಿರುಬಿನ್ ಏರುತ್ತದೆ. ಹಗಲು ಬೆಳಕಿನಲ್ಲಿ ಚರ್ಮ ಒತ್ತಿ ನೋಡಿ. ಹಳದಿ ಅಂಗೈ, ಅಂಗಾಲಿಗೆ ಇಳಿದಿದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಬಾವು ಕೆಂಪಾಗಿ ಬಿಸಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವ್ಯಾಕ್ಯೂಮ್ ಹೆರಿಗೆಯ ಮಗುವನ್ನು ತಾಯಿಯ ಪಕ್ಕ ಮಲಗಿಸಿದ ಮೇಲೆ ನಾವು ಮುಖ್ಯವಾಗಿ ಏನು ನೋಡುತ್ತಿರಬೇಕು?
– ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ

ಉತ್ತರ: ಸಬ್‌ಗೇಲಿಯಲ್ ರಕ್ತಸ್ರಾವ. ಇದು ನೆತ್ತಿಯ ಚರ್ಮದಡಿ, ಬುರುಡೆ ಹೊದ್ದ ಪೊರೆಯ ಮೇಲಿನ ಸಡಿಲ ಜಾಗದಲ್ಲಿ ಆಗುವುದರಿಂದ ಯಾವ ಎಲುಬಿನ ಗೆರೆಯೂ ತಡೆಯುವುದಿಲ್ಲ. ಹುಬ್ಬಿನಿಂದ ಕುತ್ತಿಗೆಯ ಹಿಂಭಾಗದವರೆಗೂ ರಕ್ತ ಹರಡುತ್ತದೆ. 3 ಕೆ.ಜಿ. ಮಗುವಿನ ಮೈಯಲ್ಲಿರುವುದೇ ಸುಮಾರು 250 ಮಿ.ಲೀ. ರಕ್ತ. ಹೆಚ್ಚುಕಡಿಮೆ ಅಷ್ಟನ್ನೂ ಆ ಜಾಗ ನುಂಗಬಲ್ಲದು. ತಲೆಯ ಸುತ್ತಳತೆ 1 ಸೆಂ.ಮೀ. ಹೆಚ್ಚಿತೆಂದರೆ ಸುಮಾರು 40 ಮಿ.ಲೀ. ಹೋಗಿದೆ ಎಂದು ಲೆಕ್ಕ.

ಟೊಪ್ಪಿಗೆ ತೆಗೆದು ಮುಟ್ಟಿ ನೋಡಿ. ಎಷ್ಟೋ ಕಡೆ ಎಡವುವುದು ಇಲ್ಲೇ: ಟೊಪ್ಪಿಗೆ ಹಾಕಿದ ಮಗು ಮಲಗಿದೆ ಎಂದು ಚಾರ್ಟ್ ತುಂಬಿ ಮುಂದೆ ಹೋಗುತ್ತಾರೆ. ಕನಿಷ್ಠ ಮೊದಲ 8 ಗಂಟೆ, ಗಂಟೆಗೊಮ್ಮೆ ಹಣೆಯಿಂದ ಕತ್ತಿನ ಹಿಂದಿನವರೆಗೆ ಬೆರಳಾಡಿಸಿ. ಅರ್ಧ ನೀರು ತುಂಬಿದ ಚೀಲದಂತೆ ಬಾವು ಅತ್ತಿತ್ತ ಸರಿದರೆ, ಮಲಗಿಸಿದ ಮಗ್ಗುಲಿಗೆ ಇಳಿದರೆ, ಕಿವಿ ಮುಂದಕ್ಕೆ ತಳ್ಳಿಕೊಂಡಿದ್ದರೆ ವೈದ್ಯರನ್ನು ಕೂಡಲೇ ಕರೆಯಿರಿ. ಜೊತೆಗೆ ನಾಡಿ 160 ದಾಟಿದೆಯೇ, ಎದೆ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾಗಿದೆಯೇ, ಮಗು ಬಿಳಿಚಿದೆಯೇ ನೋಡಿ. ಮೊದಲ ಹಿಮೋಗ್ಲೋಬಿನ್ ಸರಿಯಾಗಿ ಬಂತೆಂದು ಸಮಾಧಾನಪಡಬೇಡಿ. ರಕ್ತ ಹೋದ ತಕ್ಷಣ ಅದು ಇಳಿಯುವುದಿಲ್ಲ. ವೈದ್ಯರು ಬರುವಷ್ಟರಲ್ಲಿ ಐವಿ ಲೈನ್, ಕೆ.ಜಿ.ಗೆ 10 ಮಿ.ಲೀ.ನಂತೆ ನಾರ್ಮಲ್ ಸಲೈನ್ ಮತ್ತು ಕ್ರಾಸ್‌ಮ್ಯಾಚ್ ಸ್ಯಾಂಪಲ್ (ಕೊಡುವ ರಕ್ತ ಹೊಂದುತ್ತದೆಯೇ ಎಂದು ನೋಡಲು) ಸಿದ್ಧವಿರಲಿ. ವಿಟಮಿನ್ ಕೆ 1 ಮಿ.ಗ್ರಾಂ ಕೊಟ್ಟಿದೆಯೇ ಎಂಬುದನ್ನು ದಾಖಲೆ ತೆರೆದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಭುಜ ಸಿಕ್ಕಿಕೊಂಡು ಹುಟ್ಟಿದ ಮೊಮ್ಮಗ ಎಡಗೈ ಎತ್ತುವುದಿಲ್ಲ, ಬೆರಳು ಮಾತ್ರ ಹಿಡಿಯುತ್ತಾನೆ. ಎಣ್ಣೆ ಹಚ್ಚಿ ಕೈ ಎಳೆದರೆ ಸರಿಹೋಗುತ್ತದೆಯೆ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಎಳೆಯಬೇಡಿ. ಬೆರಳು ಹಿಡಿದು ಭುಜ, ಮೊಣಕೈ ಆಡದಿದ್ದರೆ ಸಾಮಾನ್ಯವಾಗಿ ಅದು ಎರ್ಬ್ಸ್ ಪಾಲ್ಸಿ: ಕುತ್ತಿಗೆಯಿಂದ ತೋಳಿಗೆ ಇಳಿಯುವ ಮೇಲಿನ ಎರಡು ನರಬೇರುಗಳು ಹಿಗ್ಗಿ ಪೆಟ್ಟಾಗಿರುತ್ತವೆ. ಬಾಣಂತನದ ನೀರು ಹಾಕುವಾಗ ರಟ್ಟೆ ಹಿಡಿದು ಎತ್ತುವುದು, ಕೈಗಳನ್ನು ಕತ್ತರಿಯಂತೆ ಅಡ್ಡ ಎಳೆಯುವುದು ಈ ಮಗುವಿಗೆ ಕೂಡದು. ಕುತ್ತಿಗೆ, ಬೆನ್ನಿಗೆ ಅಂಗೈ ಕೊಟ್ಟು ಎತ್ತಿ. ಅಂಗಿ ಹಾಕುವಾಗ ಎಡಗೈ ಮೊದಲು, ಬಿಚ್ಚುವಾಗ ಕೊನೆಗೆ. ಭುಜದ ಮುಂದಿನ ಕೊರಳೆಲುಬು (ಕಾಲರ್ ಬೋನ್) ಮುರಿದಿದ್ದರೂ ಮಗು ಕೈ ಆಡಿಸುವುದಿಲ್ಲ, ಹಾಗಾಗಿ ಎಕ್ಸ್‌ರೇ ಆಗಬೇಕು. ಮೃದು ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕೈಯಲ್ಲಿ ಕಲಿತೇ ಮಾಡಿ. ಬಹಳಷ್ಟು ಮಕ್ಕಳಿಗೆ ತಾನಾಗಿ ಸುಧಾರಿಸುತ್ತದೆ. ಮೂರು ತಿಂಗಳಾದರೂ ಮೊಣಕೈ ಮಡಚದಿದ್ದರೆ ನರಶಸ್ತ್ರಚಿಕಿತ್ಸೆ ಬಲ್ಲವರಿಗೆ ತೋರಿಸಿ. ವರ್ಷ ಕಾದರೆ ಶಸ್ತ್ರಚಿಕಿತ್ಸೆಯ ಫಲ ಕಡಿಮೆ.

ಪ್ರಶ್ನೆ: ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಾಗ ತಾಯಿಯ ಹೊಟ್ಟೆಯ ಮೇಲಿನಿಂದ ಒತ್ತಬಹುದೆ?
– ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬೇಡವೇ ಬೇಡ. ಗರ್ಭಕೋಶದ ಮೇಲ್ತುದಿ ಒತ್ತಿದರೆ ಭುಜ ತಾಯಿಯ ಪ್ಯೂಬಿಕ್ ಎಲುಬಿಗೆ (ಕಿಬ್ಬೊಟ್ಟೆಯ ಕೆಳಗೆ ಮುಂಭಾಗದಲ್ಲಿರುವ ಎಲುಬು) ಇನ್ನಷ್ಟು ಕಚ್ಚಿಕೊಳ್ಳುತ್ತದೆ, ಗರ್ಭಕೋಶ ಹರಿಯಲೂಬಹುದು. ಸಹಾಯಕ್ಕೆ ಕೂಗಿ, ಗಡಿಯಾರ ನೋಡಿ ಸಮಯ ಬರೆಸಿ. ತಾಯಿಯ ಎರಡೂ ತೊಡೆಗಳನ್ನು ಹೊಟ್ಟೆಗೆ ಮಡಚಿ, ಪ್ಯೂಬಿಕ್ ಎಲುಬಿನ ಮೇಲ್ಗಡೆ ಮಗುವಿನ ಬೆನ್ನಿರುವ ಬದಿಯಿಂದ ಅಂಗೈ ಬುಡದಲ್ಲಿ ಒತ್ತಿ. ತಲೆ ಹಿಡಿದು ಜಗ್ಗಬಾರದು, ತಿರುಚಬಾರದು.